ಎಣ್ಣೆ ಬಾವಿಯ ಬಾಯಿ ಕಟ್ಟುವ ಕೆಲಸ

ಉತ್ತರ ಕನ್ನಡ ಜಿಲ್ಲೆಯಲ್ಲಿ ಎಣ್ಣೆ ಬಾವಿ ಒಂದೂ ಇಲ್ಲ. ನಮ್ಮ ಕರಾವಳಿಯ ಎದುರಿನ ಸಮುದ್ರತಳವನ್ನು ಭೂವಿಜ್ಞಾನಿಗಳು ಕೇರಳ-ಕೊಂಕಣ ಬೇಸಿನ್ ಅಂತ ಕರೆಯುತ್ತಾರೆ. ಅಲ್ಲಿ ಹುಡುಕಾಟ ನಡೆದಿದೆ, ವ್ಯಾಪಾರಕ್ಕಾಗುವಷ್ಟು ಎಣ್ಣೆ ಸಿಕ್ಕಿಲ್ಲ. ಆದರೂ ಎಣ್ಣೆ ನಮಗೆ ಹೊಸದೇನಲ್ಲ. ಮಳೆಗಾಲ ಹತ್ತಿರವಾದಾಗ ಕಾರವಾರದ ಕಡಲತೀರದಲ್ಲಿ ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಕಪ್ಪು ಜಿಗುಟು ಮೆತ್ತಿಕೊಳ್ಳುವುದುಂಟು. ನೀರು, ಸಾಬೂನಿಗೆಲ್ಲ ಅದು ಬಗ್ಗುವುದಿಲ್ಲ. ಟಾರ್ ಬಾಲ್ ಅಂದರೆ ಅದೇ. ಹಡಗಿನಿಂದಲೋ ಬಾವಿಯಿಂದಲೋ ಸಮುದ್ರಕ್ಕೆ ಸೇರಿದ ಎಣ್ಣೆ ಬಿಸಿಲಿಗೆ, ಅಲೆಗೆ ಸಿಕ್ಕು ಗಟ್ಟಿಯಾಗಿ ಉಂಡೆಗಟ್ಟಿದ್ದು.

ಇನ್ನೊಂದು ನಂಟು ಮನುಷ್ಯರದ್ದು. ಭಟ್ಕಳದಿಂದ ಕಾರವಾರದವರೆಗೆ ಗಲ್ಫಿಗೆ ಹೋದವರಿಲ್ಲದ ಊರು ಕಡಿಮೆ. ಅವರಲ್ಲಿ ಕೆಲವರು ರಿಗ್ಗಿನ ಮೇಲೆ, ಅಂದರೆ ಎಣ್ಣೆ ಬಾವಿ ಕೊರೆಯುವ ವೇದಿಕೆಯ ಮೇಲೆ, ದುಡಿಯುತ್ತಾರೆ. ಅಲ್ಲಿ 28 ದಿನ ಕೆಲಸ, 28 ದಿನ ರಜೆ ಅನ್ನುವ ಪದ್ಧತಿ ಸಾಮಾನ್ಯ. ರಜೆಗೆ ಬಂದವರನ್ನು "ಎಂತ ಕೆಲಸ ಮಾರಾಯಾ?" ಅಂತ ಕೇಳಿದರೆ "ವಾಲ್ವ್ ನೋಡ್ಕೊಳ್ಳೂದು" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕೇಳಿದವರಿಗೆ ಮನೆಯ ನಲ್ಲಿ ಕಣ್ಣಮುಂದೆ ಬಂದಿರುತ್ತದೆ. ಆ ವಾಲ್ವು ತಡೆಯುವುದೇನು ಅಂತ ಗೊತ್ತಾದರೆ ಹೀಗೆ ಸುಮ್ನೆ ಬಿಡಲು ಮನಸ್ಸು ಬರುವುದಿಲ್ಲ.

ನೀರಿನಲ್ಲಿ 10 ಮೀಟರ್ ಕೆಳಗಿಳಿದರೆ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಜಾಸ್ತಿಯಾಗುತ್ತದೆ. 3,000 ಮೀಟರ್ ಆಳದ ಕಲ್ಲಿನ ರಂಧ್ರಗಳಲ್ಲಿ ಸಿಕ್ಕಿಕೊಂಡಿರುವ ಗ್ಯಾಸಿನ ಮೇಲೆ ಸುಮಾರು 300 ಕಿಲೋ ಒತ್ತಡ ಇರುತ್ತದೆ ಅಂದುಕೊಳ್ಳಿ. ಕೊಳವೆಯಲ್ಲಿ ನೀರು ತುಂಬಿದ್ದರೆ ಅದರ ಭಾರಕ್ಕೇ ಈ ಒತ್ತಡ ಸರಿಹೋಗುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಗ್ಯಾಸು ತುಂಬಿದ್ದರೆ ಕಥೆ ಬೇರೆ. ಗ್ಯಾಸಿಗೆ ಭಾರ ಕಡಿಮೆ. ಹಾಗಾಗಿ ತಳದ ಒತ್ತಡದ ಬಹುಪಾಲು, 200 ಕಿಲೋಗೂ ಜಾಸ್ತಿ, ನೇರವಾಗಿ ಬಾವಿಯ ಬಾಯಿಗೇ ಬಂದು ಕೂರುತ್ತದೆ. ಆಳ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಬಾವಿಯ ಬಾಯಿಗೆ ಕೂರಿಸುವ ಸಲಕರಣೆಗಳನ್ನು 2,000 ಪಿಎಸ್ಐಯಿಂದ 20,000 ಪಿಎಸ್ಐವರೆಗೆ ದರ್ಜೆ ಮಾಡಿ ತಯಾರಿಸುತ್ತಾರೆ. ಪಿಎಸ್ಐ ಅಂದರೆ ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ. ಅದರಲ್ಲಿ 10,000 ಪಿಎಸ್ಐ ಅಂದರೆ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು 700 ಕಿಲೋ.

ಇಷ್ಟೊಂದು ಒತ್ತಡವನ್ನು ಬರೀ ಬಿಗಿಯಾಗಿ ಮುಚ್ಚಿ ತಡೆಯುತ್ತೇನೆ ಅಂದರೆ ಆಗುವುದಿಲ್ಲ. ಎಷ್ಟು ಬಿಗಿದರೂ ಒಂದು ಕೂದಲೆಳೆ ಸಂದಿ ಸಾಕು, ಗ್ಯಾಸು ಅಲ್ಲಿ ನುಗ್ಗುತ್ತದೆ. ನುಗ್ಗುವಾಗ ಮರಳಿನ ಕಣ ಜೊತೆಗಿದ್ದರೆ ಉಕ್ಕನ್ನೂ ಕೊರೆದು ಸಂದಿಯನ್ನು ದೊಡ್ಡದು ಮಾಡುತ್ತದೆ. ಎಂಜಿನಿಯರುಗಳು ಕಂಡುಕೊಂಡ ಉಪಾಯ ಬೇರೆ: ಮುಚ್ಚುವ ಕೆಲಸವನ್ನು ಆ ಒತ್ತಡದ ಕೈಯಲ್ಲೇ ಮಾಡಿಸುವುದು.

ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಕಗ್ಗ ಭತ್ತ ಬೆಳೆಯುವ ಆ ಗದ್ದೆಗಳ ಏರಿಯಲ್ಲಿ ಹಲಗೆಯ ಬಾಗಿಲು ಇರುತ್ತದೆ. ಭರತದ ನೀರು ಏರಿ ಬಂದಾಗ ಹಲಗೆಯನ್ನು ಅದು ಕೂರುವ ತೋಡಿಗೆ ಅದುಮಿ ಹಿಡಿಯುವುದು ಯಾರು? ಆ ನೀರೇ. ನೀರು ಏರಿದಷ್ಟೂ ಹಲಗೆ ಗಟ್ಟಿಯಾಗಿ ಕೂರುತ್ತದೆ.

ಎಣ್ಣೆ ಬಾವಿಯ ಗೇಟ್ ವಾಲ್ವಿನಲ್ಲೂ ಆಗುವುದು ಇದೇ. ಒಳಗೆ ದಪ್ಪನೆಯ ಉಕ್ಕಿನ ಪಟ್ಟಿ ಇರುತ್ತದೆ, ಅದರಲ್ಲೊಂದು ತೂತು. ತೂತು ಕೊಳವೆಯ ಎದುರು ಬಂದರೆ ದಾರಿ ತೆರೆಯುತ್ತದೆ, ಪಟ್ಟಿ ಸರಿದರೆ ಮುಚ್ಚುತ್ತದೆ. ಮುಚ್ಚಿದಾಗ ಬಾವಿಯ ಒತ್ತಡ ಪಟ್ಟಿಯನ್ನು ಆಚೆ ಬದಿಯ ಉಕ್ಕಿನ ಸೀಟಿಗೆ ತಳ್ಳಿ ಒತ್ತಿಹಿಡಿಯುತ್ತದೆ. ನಡುವೆ ರಬ್ಬರ್ ಇಲ್ಲ, ಉಕ್ಕಿಗೆ ಉಕ್ಕು. ಇದಕ್ಕೆ ಎರಡೂ ಮೈ ಎಷ್ಟು ಚಪ್ಪಟೆ ಇರಬೇಕು ಅಂದರೆ, ಸ್ಕೇಲು, ಮೈಕ್ರೋಮೀಟರ್ ಯಾವುದೂ ಸಾಲದು. ಗಾಜಿನ ಬಿಲ್ಲೆ ಇಟ್ಟು ಒಂದೇ ಬಣ್ಣದ ದೀಪದಡಿ ನೋಡುತ್ತಾರೆ. ಮೇಲ್ಮೈ ತಗ್ಗು-ಉಬ್ಬು ಇದ್ದರೆ ಬೆಳಕಿನ ಪಟ್ಟೆಗಳು ಬಾಗಿ ಕಾಣುತ್ತವೆ. ಒಂದು ಪಟ್ಟೆ ಅಂದರೆ ಸುಮಾರು 0.3 ಮೈಕ್ರಾನ್. ಒಂದು ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಭಾಗ! ಇದನ್ನು ಉಜ್ಜಿ ಉಜ್ಜಿ ಹದಕ್ಕೆ ತರುವ ಕೆಲಸಗಾರನ ಹೆಸರು ಯಾವ ಬ್ರೋಷರಿನಲ್ಲೂ ಬರುವುದಿಲ್ಲ ಬಿಡಿ.

ಪಂಪು, ಬೈಕು ಎರಡರಲ್ಲೂ ಸಿಗುವ ಒ-ರಿಂಗ್ ಕೂಡ ಇದೇ ಜಾತಿ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ ಇದಕ್ಕೆ 1939ರಲ್ಲಿ ಪೇಟೆಂಟ್ ಪಡೆದ. ತೋಡಿನಲ್ಲಿ ಕೂತ ರಬ್ಬರ್ ಬಳೆಯನ್ನು ಒತ್ತಡ ಒಂದು ಮೂಲೆಗೆ ತಳ್ಳುತ್ತದೆ. ಮೂಲೆಗೆ ಒತ್ತಿದ ರಬ್ಬರ್ ಹಿಗ್ಗಿ ಸಂದಿಯನ್ನು ತುಂಬುತ್ತದೆ. ಆದರೆ ಒತ್ತಡ ತೀರಾ ಜಾಸ್ತಿಯಾದರೆ ರಬ್ಬರೇ ಆ ಸಂದಿಯೊಳಗೆ ಹಿಂಡಿಕೊಂಡು ಹೋಗಿ ಹರಿಯುತ್ತದೆ. ಅದಕ್ಕೇ ಹಿಂದೆ ಟೆಫ್ಲಾನಿನದೋ ಬೇರೆ ಗಟ್ಟಿ ಪ್ಲಾಸ್ಟಿಕ್ಕಿನದೋ ಒಂದು ಆಧಾರದ ಬಳೆ ಇಡುತ್ತಾರೆ.

ರಬ್ಬರಿಗೆ ಇನ್ನೊಂದು ಕಾಟವಿದೆ. ಬಾವಿಯೊಳಗೆ ದಿನಗಟ್ಟಲೆ ಒತ್ತಡದಲ್ಲಿದ್ದ ರಬ್ಬರಿನ ಮೈಯೊಳಗೆ ಗ್ಯಾಸು ನಿಧಾನವಾಗಿ ಇಳಿದಿರುತ್ತದೆ. ಹೊರಗಿನ ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಒಳಗಿನ ಗ್ಯಾಸು ಹಿಗ್ಗುತ್ತದೆ. ರಬ್ಬರ್ ಗುಳ್ಳೆ ಎದ್ದು, ಒಳಗಿಂದ ಸೀಳಿಹೋಗುತ್ತದೆ. ಹೊರಗಿಂದ ನೋಡಿದರೆ ಒಮ್ಮೊಮ್ಮೆ ಏನೂ ಗೊತ್ತಾಗುವುದಿಲ್ಲ. ಬಿಸಿಯದ್ದೂ ಗೋಳು: ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ವೈಟಾನ್ ಜಾತಿಯದ್ದು ಸುಮಾರು 200ರವರೆಗೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದ್ದರೆ ನೈಟ್ರೈಲ್ ಗಟ್ಟಿಯಾಗಿ ಬಿರಿಯುತ್ತದೆ. ಹಾಗಾಗಿ ಎಲ್ಲ ಬಾವಿಗೂ ಸಲ್ಲುವ ರಬ್ಬರ್ ಅಂತ ಒಂದಿಲ್ಲ.

ಅಂಕೋಲಾ ಕಡೆಯ ಪರಿಚಯದವರೊಬ್ಬರು ಬಹಳ ವರ್ಷ ರಿಗ್ಗಿನಲ್ಲಿದ್ದು ಈಗ ತೋಟ ನೋಡಿಕೊಂಡಿದ್ದಾರೆ. ಅವರ ಮನೆಯ ಜಗಲಿಯ ಮೇಜಿನ ಮೇಲೆ ಪೇಪರು ಹಾರದಂತೆ ಒಂದು ಉಕ್ಕಿನ ಬಳೆ ಇಟ್ಟಿದ್ದಾರೆ. ಅಂಗೈಯಗಲ, ಒಳ್ಳೆ ತೂಕ. ಅದು ರಿಂಗ್ ಗ್ಯಾಸ್ಕೆಟ್. ವಾಲ್ವಿನ ಫ್ಲ್ಯಾಂಜುಗಳ, ಅಂದರೆ ಬೋಲ್ಟು ಹಾಕಿ ಜೋಡಿಸುವ ಅಗಲ ಅಂಚುಗಳ, ನಡುವಿನ ತೋಡಿನಲ್ಲಿ ಕೂರುವಂಥದ್ದು. ಹತ್ತಿರದಿಂದ ನೋಡಿದರೆ ಅದರ ಓರೆ ಅಂಚಿನ ಸುತ್ತ ಒಂದು ತೆಳ್ಳನೆಯ ಹೊಳೆಯುವ ಗೆರೆ ಇದೆ. ಅಷ್ಟೂ ಒತ್ತಡ ನಿಂತಿದ್ದು ಆ ಗೆರೆಯ ಮೇಲೆ. ತೋಡಿನ ಉಕ್ಕಿಗಿಂತ ಬಳೆಯ ಲೋಹ ಬೇಕಂತಲೇ ಮೆತ್ತಗಿರುತ್ತದೆ. ಬೋಲ್ಟು ಬಿಗಿದಾಗ ಬಳೆ ಚೂರು ಜಜ್ಜಿಕೊಂಡು ತೋಡಿನ ಸಣ್ಣ ಸಣ್ಣ ತಗ್ಗುಗಳನ್ನು ತುಂಬುತ್ತದೆ. ಹೀಗೆ ಒಮ್ಮೆ ಜಜ್ಜಿಕೊಂಡದ್ದನ್ನು ಮತ್ತೆ ಬಳಸಬಾರದು. ಪೇಪರ್‌ವೇಟ್ ಆಗಿದ್ದು ಹಾಗೆ.

"ತೋಡನ್ನು ಬಟ್ಟೆಯಲ್ಲಿ ಒರೆಸಿ, ಸುತ್ತ ಬೆರಳು ಆಡಿಸಬೇಕು" ಅಂತ ಅವರು ತೋರುಬೆರಳು ತಿರುಗಿಸಿ ತೋರಿಸಿದರು. "ಗೀರು ಉದ್ದಕ್ಕಿದ್ದರೆ ಹೆದರಿಕೆ ಕಡಿಮೆ. ಅಡ್ಡ ಗೀರಿದ್ದರೆ ಮಾತ್ರ ಮುಗೀತು ಮಾರಾಯಾ, ಗ್ಯಾಸಿಗೆ ಅದೇ ಹೆದ್ದಾರಿ." ಬೋಲ್ಟು ಬಿಗಿಯುವಾಗಲೂ ಸಾಲಾಗಿ ಹೋಗುವ ಹಾಗಿಲ್ಲ. ಒಂದನ್ನು ಬಿಗಿದರೆ ಮುಂದಿನದು ಅದರ ಎದುರಿನದು. ಹಾಗೆ ಸುತ್ತು ಸುತ್ತಿಗೆ ಬಲ ಏರಿಸುತ್ತ ಹೋಗಬೇಕು. ಇಲ್ಲದಿದ್ದರೆ ಬಳೆ ವಾರೆಯಾಗಿ ಕೂರುತ್ತದೆ.

ಇಂಥ ಫ್ಲ್ಯಾಂಜುಗಳಿಂದ ಜೋಡಿಸಿದ ವಾಲ್ವುಗಳ ಗೋಪುರವನ್ನು ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ. ಎಣ್ಣೆ ಹರಿಯಲು ಶುರುವಾದ ಬಾವಿಯ ತಲೆಯ ಮೇಲೆ ಇದು ನಿಲ್ಲುತ್ತದೆ. ಕೆಳಗೆ ಎರಡು ಮಾಸ್ಟರ್ ವಾಲ್ವು, ಪಕ್ಕಕ್ಕೆ ವಿಂಗ್ ವಾಲ್ವು, ಮೇಲೆ ಸ್ವಾಬ್ ವಾಲ್ವು, ಹರಿವನ್ನು ಕಡಿಮೆ-ಜಾಸ್ತಿ ಮಾಡಲು ಚೋಕ್. ಆದರೆ ಹಡಗು ಬಂದು ಗುದ್ದಿ ಈ ಗೋಪುರವೇ ಕಿತ್ತುಹೋದರೆ?

ಅದಕ್ಕೆ ಉತ್ತರ ನೆಲದಡಿ ಇದೆ. ಎಣ್ಣೆ ಬರುವ ಕೊಳವೆಯೊಳಗೆ, ಸಮುದ್ರತಳಕ್ಕಿಂತಲೂ ಕೆಳಗೆ, ಒಂದು ಸುರಕ್ಷತಾ ವಾಲ್ವು ಕೂರಿಸಿರುತ್ತಾರೆ. ಕೀಲಿನ ಮೇಲೆ ಆಡುವ ಒಂದು ಮುಚ್ಚಳ, ಅದನ್ನು ಮುಚ್ಚಲು ತಳ್ಳುವ ಸ್ಪ್ರಿಂಗು. ಮೇಲಿನಿಂದ ಕಾಲಿಂಚು ದಪ್ಪದ ಸ್ಟೀಲ್ ನಳಿಗೆಯಲ್ಲಿ ಹೈಡ್ರಾಲಿಕ್ ಎಣ್ಣೆಯ ಒತ್ತಡ ಕೊಟ್ಟು ಹಿಡಿದಿದ್ದರಷ್ಟೇ ಅದು ತೆರೆದಿರುತ್ತದೆ. ನಳಿಗೆ ತುಂಡಾಗಲಿ, ಬೆಂಕಿ ಬೀಳಲಿ, ಒತ್ತಡ ಹೋದ ಕೂಡಲೇ ಸ್ಪ್ರಿಂಗು ಮುಚ್ಚಳವನ್ನು ದಾರಿಗೆ ಅಡ್ಡ ತರುತ್ತದೆ. ಬಾವಿಯ ಒತ್ತಡ ಕೆಳಗಿನಿಂದ ಅದನ್ನು ಅದುಮಿ ಹಿಡಿಯುತ್ತದೆ. ಮುಚ್ಚಲು ಯಾರೂ ಏನೂ ಮಾಡಬೇಕಿಲ್ಲ, ತೆರೆದಿಡಲಿಕ್ಕೇ ಶ್ರಮ ಬೇಕು. ನನ್ನ ಲೆಕ್ಕದಲ್ಲಿ ಇಡೀ ಬಾವಿಯಲ್ಲಿ ಇದಕ್ಕಿಂತ ಜಾಣ ವಸ್ತು ಇನ್ನೊಂದಿಲ್ಲ.

ಬಾವಿ ಕೊರೆಯುವಾಗಿನ ಪರಿಸ್ಥಿತಿ ಇನ್ನೂ ನಾಜೂಕು. ಆಗ ಬಾಯಿ ತೆರೆದೇ ಇರಬೇಕು, ಒಳಗೆ ಕೊರೆಯುವ ಪೈಪು ತಿರುಗುತ್ತಿರುತ್ತದೆ. 1901ರ ಜನವರಿ 10ರಂದು ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಸುಮಾರು 45 ಮೀಟರ್ ಮೇಲಕ್ಕೆ ಚಿಮ್ಮಿತು. ತಡೆಯಲು 9 ದಿನ ಬೇಕಾಯಿತು. ಆಗಿನವರಿಗೆ ಇದು ಹಬ್ಬ. ಈಗ ಇದನ್ನೇ ಬ್ಲೋಔಟ್ ಅನ್ನುತ್ತಾರೆ.

ಈಗ ಮೊದಲ ಕಾವಲು ಕೊರೆಯುವ ಬಾವಿಯಲ್ಲಿ ತುಂಬಿಡುವ ಮಡ್. ಹೆಸರು ಕೆಸರು ಅಂತಿದ್ದರೂ ಲೆಕ್ಕ ಹಾಕಿ ಮಾಡಿದ ಪಾಕ. ಬೆರೈಟ್ ಎಂಬ ಭಾರದ ಖನಿಜ ಬೆರೆಸಿ ಅದರ ತೂಕ ಹೆಚ್ಚಿಸುತ್ತಾರೆ. ಆಂಧ್ರದ ಮಂಗಂಪೇಟೆಯಲ್ಲಿ ಈ ಬೆರೈಟಿನ ದೊಡ್ಡ ಗಣಿ ಇದೆ. ಮಡ್ಡಿನ ಭಾರ ಕಲ್ಲಿನೊಳಗಿನ ಒತ್ತಡಕ್ಕಿಂತ ತುಸು ಜಾಸ್ತಿ ಇದ್ದರೆ ಗ್ಯಾಸು ಒಳಗೆ ಬರುವುದಿಲ್ಲ. ಕಡಿಮೆಯಾದರೆ ನುಸುಳುತ್ತದೆ. ಇದಕ್ಕೆ ಕಿಕ್ ಅನ್ನುತ್ತಾರೆ. ತಳದಲ್ಲಿ 300 ಪಟ್ಟು ಒತ್ತಡದಲ್ಲಿ ಒಂದು ಕೊಡದಷ್ಟಿದ್ದ ಗ್ಯಾಸು ಮೇಲೆ ಬಂದಾಗ ಹೆಚ್ಚುಕಡಿಮೆ 300 ಕೊಡವಾಗುತ್ತದೆ. ಅದೂ ಕೊನೆಯ ಕೆಲವು ನೂರು ಮೀಟರಿನಲ್ಲೇ ಹಿಗ್ಗುವುದು ಜಾಸ್ತಿ. ತಡವಾಗಿ ಎಚ್ಚೆತ್ತವರಿಗೆ ಸಮಯವೇ ಉಳಿದಿರುವುದಿಲ್ಲ.

ಆಗ ಎರಡನೆಯ ಕಾವಲು ಬಿಒಪಿ, ಅಂದರೆ ಬ್ಲೋಔಟ್ ಪ್ರಿವೆಂಟರ್. 1922ರಲ್ಲಿ ಜೇಮ್ಸ್ ಅಬರ್‌ಕ್ರಾಂಬಿ ಮತ್ತು ಹ್ಯಾರಿ ಕ್ಯಾಮರಾನ್ ಸೇರಿ ಇದರ ಮೊದಲ ರೂಪ ಮಾಡಿದರು. ಎರಡು ಬದಿಯಿಂದ ಉಕ್ಕಿನ ರ‍್ಯಾಮ್‌ಗಳು ಸರಿದು ಬಂದು ಪೈಪನ್ನು ಅಪ್ಪಿ ಹಿಡಿಯುತ್ತವೆ. ಪೈಪಿಲ್ಲದಿದ್ದಾಗ ಮುಚ್ಚುವವು ಬೇರೆ. ಪೈಪನ್ನೇ ಕತ್ತರಿಸಿ ಮುಚ್ಚುವ ಶಿಯರ್ ರ‍್ಯಾಮ್ ಕೊನೆಯ ಅಸ್ತ್ರ. ಇವುಗಳ ಮೇಲೆ ಆನ್ಯುಲರ್ ಅಂತ ದಪ್ಪ ರಬ್ಬರಿನ ಒಂದು ಸುತ್ತು, ಒಳಗೆ ಉಕ್ಕಿನ ತುಂಡುಗಳು. ಹಿಸುಕಿದರೆ ಯಾವ ಅಳತೆಯ ಪೈಪು ಸಿಕ್ಕರೂ ಸುತ್ತಿ ಹಿಡಿಯುತ್ತದೆ. ಕರೆಂಟು ಹೋದರೂ ಕೆಲಸ ನಿಲ್ಲಬಾರದೆಂದು ನೈಟ್ರೋಜನ್ ತುಂಬಿದ ಬಾಟಲಿಗಳಲ್ಲಿ ಒತ್ತಡ ಕೂಡಿಟ್ಟಿರುತ್ತಾರೆ.

ಇಷ್ಟೆಲ್ಲ ಇದ್ದೂ 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕಾಂಡೋ ಬಾವಿ ಸಿಡಿಯಿತು. ಡೀಪ್‌ವಾಟರ್ ಹೊರೈಜನ್ ರಿಗ್ಗಿನ 11 ಮಂದಿ ಸತ್ತರು. 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಬಾವಿಯ ತಳದ ಸಿಮೆಂಟ್ ಹಿಡಿದಿದೆಯೇ ಎಂದು ನೋಡಲು ಅವತ್ತು ಮಾಡಿದ ಪರೀಕ್ಷೆಯಲ್ಲಿ ಒಂದು ಗೇಜು ಸೊನ್ನೆ ತೋರಿಸಿತ್ತು, ಇನ್ನೊಂದು 1,400 ಪಿಎಸ್ಐ. ಏನೋ ಒಂದು ಸಮಜಾಯಿಷಿ ಕೊಟ್ಟುಕೊಂಡು ಮುಂದೆ ಹೋದರು. ಮಡ್ ತೆಗೆದು ಸಮುದ್ರದ ನೀರು ತುಂಬಿದರು. ಗ್ಯಾಸು ಬಂತು. ಶಿಯರ್ ರ‍್ಯಾಮ್ ಕತ್ತರಿಸಲು ಬಂದಾಗ ಪೈಪು ಒಳಗೆ ಬಾಗಿ ನಡುವಿನಿಂದ ಪಕ್ಕಕ್ಕೆ ಸರಿದಿತ್ತು. ಅಲಗು ಪೂರ್ತಿ ಕಚ್ಚಲಿಲ್ಲ.

ಮೇಲೆ ಮುಚ್ಚುವುದೊಂದೇ ಸಾಲದು ಅನ್ನುವುದಕ್ಕೆ 1969ರ ಜನವರಿ 28ರ ಸಾಂಟಾ ಬಾರ್ಬರಾ ಘಟನೆ ಇದೆ. ಕ್ಯಾಲಿಫೋರ್ನಿಯಾದ ಆ ಬಾವಿಯ ರ‍್ಯಾಮ್‌ಗಳು ಸರಿಯಾಗಿಯೇ ಮುಚ್ಚಿದವು. ಆದರೆ ಬಾವಿಯ ಗೋಡೆಗೆ ಆಸರೆಯಾಗುವ ಕೇಸಿಂಗ್ ಪೈಪನ್ನು ಸಾಕಷ್ಟು ಆಳಕ್ಕೆ ಇಳಿಸಿರಲಿಲ್ಲ. ದಾರಿ ಕಟ್ಟಿಹೋದ ಎಣ್ಣೆ ಅಕ್ಕಪಕ್ಕದ ಸಮುದ್ರತಳವನ್ನೇ ಸೀಳಿ ಹೊರಬಂತು.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಕಾಡುವುದು ಪೈಪರ್ ಆಲ್ಫಾ. ಅಲ್ಲಿ ಬಾವಿ ಸಿಡಿಯಲಿಲ್ಲ. ಉತ್ತರ ಸಮುದ್ರದ ಈ ವೇದಿಕೆಯ ಮೇಲೆ ಎರಡು ಪಂಪುಗಳಿದ್ದವು. 1988ರ ಜುಲೈ 6ರಂದು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿ, ತೆರೆದ ಬಾಯಿಗೆ ತೂತಿಲ್ಲದ ಒಂದು ಫ್ಲ್ಯಾಂಜ್ ಮುಚ್ಚಿದ್ದರು. ಅದನ್ನು ಸೋರದ ಹಾಗೆ ಬಿಗಿದಿರಲಿಲ್ಲ. ಪಂಪು ಓಡಿಸುವ ಮಾತೇ ಇರಲಿಲ್ಲವಲ್ಲ! ವಾಲ್ವು ಬಿಚ್ಚಿದೆ ಅನ್ನುವ ಚೀಟಿ ಒಂದು ಕಡೆ, ಪಂಪಿನ ದುರಸ್ತಿಯ ಚೀಟಿ ಇನ್ನೊಂದು ಕಡೆ. ಪಾಳಿ ಬದಲಾಯಿತು. ರಾತ್ರಿ ಎರಡನೆಯ ಪಂಪು ಕೈಕೊಟ್ಟಾಗ ಹೊಸ ಪಾಳಿಯವರು ಮೊದಲನೆಯದನ್ನು ಚಾಲೂ ಮಾಡಿದರು. ಫ್ಲ್ಯಾಂಜಿನ ಸಂದಿಯಿಂದ ಗ್ಯಾಸು ನುಗ್ಗಿ ಬೆಂಕಿ ಹತ್ತಿತು. 167 ಜನ ಸತ್ತರು. ಲಾರ್ಡ್ ಕಲ್ಲನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು, 106 ಶಿಫಾರಸುಗಳ ಸಮೇತ.

ನಮ್ಮ ದೇಶದಲ್ಲೂ ಆಗಿದೆ. 1995ರಲ್ಲಿ ಆಂಧ್ರದ ಪಾಸರ್ಲಪೂಡಿಯ ಬಾವಿ 65 ದಿನ ಉರಿಯಿತು. 2020ರ ಮೇ 27ರಂದು ಅಸ್ಸಾಮಿನ ಬಾಗಜಾನ್‌ನಲ್ಲಿ ದುರಸ್ತಿಯ ನಡುವೆ ಬಿಒಪಿ ಬಿಚ್ಚಿದ್ದ ಹೊತ್ತಲ್ಲಿ ಗ್ಯಾಸು ನುಗ್ಗಿತು. ಜೂನ್ 9ರಂದು ಬೆಂಕಿ ಹತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಜೀವ ಬಿಟ್ಟರು. ಬೆಂಕಿ ಪೂರ್ತಿ ಆರಿದ್ದು ನವೆಂಬರ್ 15ಕ್ಕೆ. ಕೊನೆಗೂ ಅದನ್ನು ತಣಿಸಿದ್ದು ಬಾವಿಯೊಳಗೆ ಇಳಿಸಿದ ಉಪ್ಪುನೀರಿನ ದ್ರಾವಣ.

ಹಾಗಾಗಿ ರಿಗ್ಗಿನಲ್ಲಿ ಪರೀಕ್ಷೆಗೆ ಬಿಡುವೇ ಇಲ್ಲ. ಎರಡು-ಮೂರು ವಾರಕ್ಕೊಮ್ಮೆ ಬಿಒಪಿಯನ್ನು ಮುಚ್ಚಿ, ನೀರಿನ ಒತ್ತಡ ಏರಿಸಿ ಹಿಡಿದಿಡುತ್ತಾರೆ. ಗುಂಡನೆಯ ಚಾರ್ಟಿನ ಮೇಲೆ ಪೆನ್ನು ಗೆರೆ ಎಳೆಯುತ್ತ ಹೋಗುತ್ತದೆ. ಗೆರೆ ಒಂಚೂರು ಒಳಕ್ಕೆ ಜಾರಿದರೂ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹುಡುಕಬೇಕು. ದಿನಕ್ಕೆ ಇಷ್ಟು ಅಂತ ಬಾಡಿಗೆ ಓಡುತ್ತಿರುವಾಗ "ಇಷ್ಟು ಸಾಕು, ಮುಂದೆ ಹೋಗೋಣ" ಅನ್ನುವವರು ಇದ್ದೇ ಇರುತ್ತಾರೆ. ಆಗ ಚಾರ್ಟು ಹಿಡಿದು "ಆಗುವುದಿಲ್ಲ" ಅನ್ನಬೇಕಾದವನು ಒಮ್ಮೊಮ್ಮೆ ಐಟಿಐ ಮುಗಿಸಿ ಕಾರವಾರದಿಂದ ಹೋದ ಹುಡುಗನೇ ಆಗಿರುತ್ತಾನೆ. ಈಗಿನ ರಿಗ್ಗುಗಳಲ್ಲಿ ಕೆಲಸ ನಿಲ್ಲಿಸಿ ಅನ್ನುವ ಹಕ್ಕನ್ನು ಕೊನೆಯ ಕೂಲಿಯವರೆಗೂ ಬರವಣಿಗೆಯಲ್ಲೇ ಕೊಟ್ಟಿರುತ್ತಾರೆ. ಅದನ್ನು ಬಳಸಿದವನನ್ನು ಮೇಲಿನವರು ಹೇಗೆ ನೋಡುತ್ತಾರೆ ಅನ್ನುವುದು ರಿಗ್ಗಿನಿಂದ ರಿಗ್ಗಿಗೆ ಬೇರೆ.