ಪ್ಲೂಮ್: ನೆಲದಡಿ ಚಾಚಿದ ಬಾಲ

ಚಿಮಣಿಯ ಹೊಗೆ ಗಾಳಿ ಬೀಸಿದತ್ತ ಬಾಲದಂತೆ ಚಾಚಿಕೊಳ್ಳುತ್ತದಲ್ಲ, ಅದು ಪ್ಲೂಮ್. ಅಂತರ್ಜಲದ ಮಟ್ಟಿಗೆ ಗಾಳಿಯ ಬದಲು ಹರಿಯುವ ನೀರು, ಹೊಗೆಯ ಬದಲು ನೀರಿನಲ್ಲಿ ಕರಗಿದ ರಾಸಾಯನಿಕ. ಸೋರಿದ ಜಾಗ ವಿಮಾನ ನಿಲ್ಲಿಸುವ ಒಂದು ಹ್ಯಾಂಗರಿನ ಮೂಲೆಯಷ್ಟೇ ಇದ್ದರೂ ಬಾಲ ಬೇಲಿ ದಾಟಿ ಊರಿನ ಬಾವಿಗಳವರೆಗೆ ಹೋಗಿರಬಹುದು.

ಹಳೆಯ ಸೇನಾ ವಾಯುನೆಲೆಯಲ್ಲಿ ಒಂದೇ ಪ್ಲೂಮ್ ಇರುವುದು ಅಪರೂಪ. ಸೋರಿದ ವಿಮಾನ ಇಂಧನ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ಅದರಿಂದ ಕರಗುವ ಬೆಂಜೀನನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಿನ್ನುವುದರಿಂದ ಆ ಬಾಲ ಸಾಮಾನ್ಯವಾಗಿ ಗಿಡ್ಡ. ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ (ಟಿಸಿಇ) ಹಾಗಲ್ಲ. ನೀರಿಗಿಂತ ಸುಮಾರು 1.46 ಪಟ್ಟು ಭಾರವಾದ ಈ ದ್ರಾವಕ ಜೇಡಿಮಣ್ಣಿನ ಪದರ ಸಿಗುವವರೆಗೂ ಇಳಿಯುತ್ತದೆ. ಆಮೇಲೆ ಆ ಪದರದ ಇಳಿಜಾರು ಹಿಡಿದು, ನೀರಿನ ಹರಿವಿಗೆ ಎದುರಾಗಿಯೂ ಸರಿಯಬಲ್ಲದು. ಮೂರನೆಯದು ಅಗ್ನಿಶಾಮಕ ತರಬೇತಿ ಗುಂಡಿಗಳಲ್ಲಿ ಸುರಿದ ನೊರೆಯ ಪಿಫಾಸ್ (ಫ್ಲೋರಿನ್ ಇರುವ ಕೃತಕ ರಾಸಾಯನಿಕಗಳ ಗುಂಪು). ಇದು ತಾನಾಗಿ ಕೊಳೆತು ಮುಗಿಯುವ ಜಾತಿಯದಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 1993ರಲ್ಲಿ ಮುಚ್ಚಿದ ವುರ್ಟ್‌ಸ್ಮಿತ್ ನೆಲೆಯ ನೀರಿನಲ್ಲಿ ಟಿಸಿಇ 1977ರಲ್ಲೇ ಸಿಕ್ಕಿತ್ತು. ಪಿಫಾಸ್ ಗೊತ್ತಾದದ್ದು ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ.

ಬಾಲ ಯಾವ ಕಡೆಗೆ ಎಂದು ತಿಳಿಯಲು ನೀರಿನ ಮಟ್ಟ ಅಳೆಯುವ ಕನಿಷ್ಠ ಮೂರು ವೀಕ್ಷಣಾ ಬಾವಿ ಬೇಕು, ಅವು ಒಂದೇ ಗೆರೆಯಲ್ಲಿರದೆ ತ್ರಿಕೋನವಾಗಿರಬೇಕು. 100 ಮೀಟರಿಗೆ ನೀರಿನ ಮಟ್ಟ 20 ಸೆಂ.ಮೀ. ಇಳಿದರೆ ಇಳಿಜಾರು 0.002. ಮರಳಿನ ವಾಹಕತೆ (ನೀರನ್ನು ಹಾಯಗೊಡುವ ಗುಣ) ದಿನಕ್ಕೆ 10 ಮೀಟರ್, ರಂಧ್ರತೆ (ಒಟ್ಟು ಗಾತ್ರದಲ್ಲಿ ರಂಧ್ರಗಳ ಪಾಲು) 0.25 ಎಂದಿಟ್ಟುಕೊಳ್ಳಿ: ವಾಹಕತೆಯನ್ನು ಇಳಿಜಾರಿನಿಂದ ಗುಣಿಸಿ ರಂಧ್ರತೆಯಿಂದ ಭಾಗಿಸಿದರೆ, ನೀರು ದಿನಕ್ಕೆ 8 ಸೆಂ.ಮೀ., ವರ್ಷಕ್ಕೆ ಸುಮಾರು 29 ಮೀಟರ್ ಸಾಗುತ್ತದೆ. ಐವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್. ಮಣ್ಣಿಗೆ ಅಂಟಿಕೊಳ್ಳುವ ರಾಸಾಯನಿಕ ಇದಕ್ಕಿಂತ ನಿಧಾನ. ರನ್‌ವೇಗೆಂದು ಆರಿಸಿದ ನೆಲ ಸಮತಟ್ಟಾಗಿರುವುದೇ ಇಲ್ಲಿ ತೊಡಕು. ಇಳಿಜಾರು ಇಷ್ಟು ಕಡಿಮೆಯಿದ್ದಾಗ ನೀರಿನ ಮಟ್ಟ ಅಳೆಯಲು ಆಧಾರವಾದ ಕೇಸಿಂಗ್ (ಬಾವಿಯ ಕೊಳವೆ) ತುದಿಯ ಎತ್ತರ ಐದು ಸೆಂ.ಮೀ. ತಪ್ಪಾಗಿ ದಾಖಲಾದರೂ ನಕ್ಷೆಯಲ್ಲಿ ಹರಿವಿನ ದಿಕ್ಕು ತೋರುವ ಬಾಣ ಬೇರೆಲ್ಲೋ ತಿರುಗುತ್ತದೆ.

ಬಾವಿಯಿಂದ ನೀರಿನ ಮಾದರಿ ತೆಗೆಯುವಾಗ ಪಂಪನ್ನು ನಿಮಿಷಕ್ಕೆ 0.1ರಿಂದ 0.5 ಲೀಟರಿನಷ್ಟು ಮೆಲ್ಲಗೆ ಓಡಿಸಿ, ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಸತತ ಮೂರು ಅಳತೆಗಳಲ್ಲಿ ಸ್ಥಿರವಾಗುವವರೆಗೆ ಕಾಯುತ್ತಾರೆ. ಟಿಸಿಇ ಪರೀಕ್ಷೆಯ 40 ಮಿ.ಲೀ. ಸೀಸೆಯನ್ನು ತುಂಬಿ ತುಳುಕುವಂತೆ ಮಾಡಿ ಮುಚ್ಚಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡಬೇಕು. ಗುಳ್ಳೆ ಎದ್ದರೆ ಟಿಸಿಇ ಅದರೊಳಕ್ಕೆ ಆವಿಯಾಗಿ, ಫಲಿತಾಂಶ ನಿಜಕ್ಕಿಂತ ಕಡಿಮೆ ಬರುತ್ತದೆ. ಪಿಫಾಸ್ ಮಾದರಿಗಾದರೆ, ಫ್ಲೋರಿನ್ ಇರುವ ಟೆಫ್ಲಾನ್ ಕೊಳವೆ, ಟೆಫ್ಲಾನ್ ಒಳಪದರದ ಮುಚ್ಚಳ ಹತ್ತಿರವೂ ಬರಬಾರದು: ಅಮೆರಿಕ 2024ರಲ್ಲಿ ಕುಡಿಯುವ ನೀರಿನಲ್ಲಿ ಪಿಫಾಸ್ ಗುಂಪಿನ ಪಿಎಫ್‌ಒಎಸ್‌ಗೆ ಇಟ್ಟ ಮಿತಿ ಲೀಟರಿಗೆ 4 ನ್ಯಾನೋಗ್ರಾಂ, ಅಷ್ಟು ಸಣ್ಣ ಅಳತೆಯನ್ನು ಸಲಕರಣೆಯೇ ಕೆಡಿಸಬಲ್ಲದು.

ವರದಿಯ ನಕ್ಷೆಯಲ್ಲಿ ಪ್ಲೂಮ್ ಚಂದದ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಆ ಗೆರೆಯನ್ನು ಯಾರೂ ಅಳೆದಿಲ್ಲ, ಬಾವಿಗಳ ಮಧ್ಯೆ ಊಹಿಸಿ ಎಳೆದದ್ದು. ‘ಪತ್ತೆಯಾಗಿಲ್ಲ’ ಎಂದಿರುವ ಬಾವಿಯ ಜಾಲರಿ (ಕೊಳವೆಯಲ್ಲಿ ನೀರು ಒಳಬರುವ ಭಾಗ) ಯಾವ ಆಳದಲ್ಲಿದೆ ಎಂದು ಮೊದಲು ನೋಡಿ. ಜಾಲರಿ 6ರಿಂದ 9 ಮೀಟರಿನಲ್ಲಿದ್ದು ಟಿಸಿಇ 20 ಮೀಟರ್ ಆಳದ ಜೇಡಿಯ ಮೇಲೆ ಹರಿಯುತ್ತಿದ್ದರೆ, ಆ ಬಾವಿ ಪ್ಲೂಮಿನ ಮೇಲೆಯೇ ನಿಂತೂ ಶುದ್ಧವೆಂದು ವರದಿ ಕೊಡುತ್ತದೆ.