ದೊಡ್ಡಮ್ಮನಿಗೆ ಸಿಗದ ಮಾತ್ರೆ

ಗಸಗಸೆ ಪಾಯಸ ಕುಡಿದ ಮಧ್ಯಾಹ್ನ ಜೊಂಪು ಹತ್ತಿದರೆ ಮನೆಯಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, "ಅಫೀಮಿನ ಗಿಡದ್ದಲ್ವಾ ಅದು" ಅಂತ. ಗಿಡ ಅದೇ, ನಿಜ. ಆದರೆ ಬೀಜದಲ್ಲಿ ಮತ್ತಿನ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದೆಲ್ಲ ಇರುವುದು ಹಸಿ ಕಾಯಿಯ ಹಾಲಿನಲ್ಲಿ. ಕಾಯಿಯ ಮೈಮೇಲೆ ಸಣ್ಣಗೆ ಗೀರಿ ಬಿಟ್ಟರೆ ಬಿಳಿ ಹಾಲು ಒಸರುತ್ತದೆ, ರಾತ್ರಿ ಕಳೆಯುವುದರೊಳಗೆ ಕಂದು ಬಣ್ಣಕ್ಕೆ ತಿರುಗಿ ಅಂಟಾಗುತ್ತದೆ, ಬೆಳಿಗ್ಗೆ ಅದನ್ನು ಕೆರೆದು ತೆಗೆಯುತ್ತಾರೆ. ಅದೇ ಅಫೀಮು. ಅದರಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾರ್ಫಿನ್ ಎಂಬ ನೋವು ತಗ್ಗಿಸುವ ವಸ್ತು ಇರುತ್ತದೆ.

ಈ ಮಾರ್ಫಿನ್ ನಮ್ಮ ದೊಡ್ಡಮ್ಮನಿಗೆ ಬೇಕಾಗಿತ್ತು. 1996ರಲ್ಲಿ ಅವರಿಗೆ ಬಾಯಿ ಕ್ಯಾನ್ಸರ್. ಕೊನೆಯ ಎರಡು ತಿಂಗಳು ಅವರು ಮಲಗಿದ್ದನ್ನು ನಾನು ನೋಡಲಿಲ್ಲ, ಗೋಡೆಗೆ ಒರಗಿ ಕೂತು ಇಡೀ ರಾತ್ರಿ ನರಳುತ್ತಿದ್ದರು. ಊರಿನ ಹತ್ತಿರದ ಆಸ್ಪತ್ರೆಯ ಡಾಕ್ಟರು ಒಳ್ಳೆಯವರೇ. "ಇದಕ್ಕೆ ಆಗಿಬರೋ ಮಾತ್ರೆ ಇದೆ, ಆದ್ರೆ ನಾವು ಇಟ್ಕೊಳ್ಳೋ ಹಾಗಿಲ್ಲ, ಲೈಸೆನ್ಸ್ ಇಲ್ಲ" ಅಂದರು. ಅಫೀಮನ್ನು ಸರ್ಕಾರವೇ ಬೆಳೆಸಿ ಹೊರದೇಶಕ್ಕೆ ಕಳಿಸುವ ದೇಶದಲ್ಲಿ ಒಂದು ಮಾರ್ಫಿನ್ ಮಾತ್ರೆ ಯಾಕೆ ಸಿಗಲಿಲ್ಲ? ಅದು ತಿಳಿಯಬೇಕಾದರೆ ಇನ್ನೂರು ವರ್ಷಕ್ಕೂ ಹಿಂದೆ ಹೋಗಬೇಕು.

1773ರಲ್ಲಿ ಬಂಗಾಳದ ಬ್ರಿಟಿಷ್ ಗವರ್ನರ್ ವಾರನ್ ಹೇಸ್ಟಿಂಗ್ಸ್ ಬಂಗಾಳ, ಬಿಹಾರದ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯಕ್ಕೆ ತಂದ. ಮುಂದೆ ಅದು ದೊಡ್ಡ ಸರ್ಕಾರಿ ಉದ್ಯಮವೇ ಆಯಿತು. ರೈತರಿಗೆ ಮುಂಗಡ ಕೊಡುವುದು, ಬೆಳೆದದ್ದೆಲ್ಲ ಕಂಪನಿ ಹೇಳಿದ ಬೆಲೆಗೇ ತಂದು ಹಾಕಬೇಕು. ಆ ಬೆಲೆಯಲ್ಲಿ ಖರ್ಚು ಹುಟ್ಟದೆ ಸಾಲದಲ್ಲೇ ಉಳಿದವರು ಬಹಳ ಜನ. ಪಟ್ನಾ ಮತ್ತು ಗಾಜಿಪುರದ ಕಾರ್ಖಾನೆಗಳಲ್ಲಿ ಅಫೀಮನ್ನು ಉಂಡೆ ಕಟ್ಟಿ, ಅದೇ ಗಿಡದ ಒಣಗಿದ ಹೂವಿನ ಎಸಳನ್ನು ಸುತ್ತಿ, ಪೆಟ್ಟಿಗೆಗೆ 40 ಉಂಡೆಯಂತೆ ತುಂಬುತ್ತಿದ್ದರು. ಕಲ್ಕತ್ತೆಯಲ್ಲಿ ಹರಾಜು. ಅಲ್ಲಿಂದ ಮುಂದೆ ಚೀನಾಕ್ಕೆ ಸಾಗಿಸುವುದು ಖಾಸಗಿ ವ್ಯಾಪಾರಿಗಳ ಕೆಲಸ. ಯಾಕೆಂದರೆ ಚೀನಾದಲ್ಲಿ ಅಫೀಮಿಗೆ ನಿಷೇಧ ಇತ್ತು, ಕಂಪನಿ ತನ್ನ ಹಡಗಿನಲ್ಲಿ ಒಯ್ದರೆ ಅಲ್ಲಿಂದ ಬರುವ ಚಹಾ ವ್ಯಾಪಾರಕ್ಕೆ ಪೆಟ್ಟು ಬೀಳುತ್ತಿತ್ತು. ಮಾಡಿದ್ದು ಸರ್ಕಾರ, ಮಾರಿದ್ದು ಸರ್ಕಾರ, ಕಳ್ಳಸಾಗಣೆ ಮಾತ್ರ ಬೇರೆಯವರದು.

1839ರಲ್ಲಿ ಚೀನಾದ ಅಧಿಕಾರಿ ಲಿನ್ ಜೆಶು 20 ಸಾವಿರಕ್ಕೂ ಜಾಸ್ತಿ ಪೆಟ್ಟಿಗೆ ಹಿಡಿದು, ಹೂಮೆನ್ ಎಂಬಲ್ಲಿ ಗುಂಡಿ ತೋಡಿಸಿ, ಉಪ್ಪುನೀರು ಮತ್ತು ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಮೂರು ವಾರಕ್ಕಿಂತ ಹೆಚ್ಚು ಹಿಡಿಯಿತು ಆ ಕೆಲಸ. ಅದಕ್ಕೆ ಬ್ರಿಟನ್ ಕೊಟ್ಟ ಉತ್ತರ ಯುದ್ಧ. 1842ರಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಕೈಸೇರಿತು. ಮುಂದಿನ ದಶಕಗಳಲ್ಲಿ ಭಾರತದ ಬ್ರಿಟಿಷ್ ಸರ್ಕಾರದ ಆದಾಯದಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ಅಫೀಮಿನಿಂದಲೇ ಬಂದ ವರ್ಷಗಳಿವೆ. ಒಂದು ದೇಶದ ಲಕ್ಷಾಂತರ ಜನರ ಚಟ ಇನ್ನೊಂದು ದೇಶದ ಖಜಾನೆ ತುಂಬಿಸಿತು. ಇದನ್ನು ಓದುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದೇ ಹೊತ್ತಿಗೆ ವಿಜ್ಞಾನ ಬೇರೆ ದಾರಿಯಲ್ಲಿ ನಡೆದಿತ್ತು. 1805ರ ಸುಮಾರಿಗೆ ಜರ್ಮನಿಯಲ್ಲಿ ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಸರ್ಟರ್ನರ್ ಎಂಬ ಯುವಕ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾಗಲು 1970ರ ದಶಕ ಬರಬೇಕಾಯಿತು. ನಮ್ಮ ದೇಹವೇ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ಹೋಗಿ ಕೂರುವುದಕ್ಕೆಂದೇ ಮೆದುಳು ಮತ್ತು ಬೆನ್ನುಹುರಿಯ ನರಕೋಶಗಳ ಮೇಲೆ ಜಾಗಗಳಿವೆ. ಮಾರ್ಫಿನ್ ಆ ಜಾಗದಲ್ಲೇ ಹೋಗಿ ಕೂರುತ್ತದೆ, ಆಗ ನೋವಿನ ಸಂಕೇತ ಮೇಲೆ ಹೋಗುವುದು ಕಡಿಮೆಯಾಗುತ್ತದೆ. ಅಂಥ ಜಾಗಗಳು ಮೆದುಳಿನಲ್ಲಿ ಖುಷಿ ಹುಟ್ಟಿಸುವ ಭಾಗದಲ್ಲೂ ಇವೆ, ಉಸಿರಾಟ ನೋಡಿಕೊಳ್ಳುವ ಭಾಗದಲ್ಲೂ ಇವೆ. ಹಾಗಾಗಿಯೇ ಚಟ, ಹಾಗಾಗಿಯೇ ಅಳತೆ ಮೀರಿದರೆ ಉಸಿರು ನಿಂತು ಸಾವು. ಭಯಕ್ಕೆ ಕಾರಣವಿಲ್ಲ ಅಂತ ನಾನು ಹೇಳುತ್ತಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಗಾಳಿ ತಿರುಗಿತು. 1909ರಲ್ಲಿ ಶಾಂಘೈನಲ್ಲಿ ದೇಶಗಳು ಸೇರಿ ಚರ್ಚಿಸಿದವು, 1912ರಲ್ಲಿ ಹೇಗ್ ಒಪ್ಪಂದ ಬಂತು, 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ. ಆ 1961ರ ಒಪ್ಪಂದದ ಮೊದಲ ಸಾಲುಗಳಲ್ಲೇ ನೋವು ನಿವಾರಣೆಗೆ ಈ ಔಷಧಗಳು ಬೇಕೇ ಬೇಕು, ಅವು ಸಿಗುವಂತೆ ನೋಡಿಕೊಳ್ಳಬೇಕು ಎಂದು ಬರೆದಿದೆ. ಆ ಮಾತನ್ನು ಬಹಳ ದೇಶಗಳು ಮರೆತವು, ನಾವೂ ಮರೆತೆವು.

1985ರ ನವೆಂಬರ್‌ನಲ್ಲಿ ನಮ್ಮಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಉದ್ದೇಶ ಕಳ್ಳಸಾಗಣೆ ತಡೆಯುವುದು, ತಪ್ಪೇನಿಲ್ಲ. ಆದರೆ ಆಗ ಹೆಚ್ಚಿನ ಅಪರಾಧಗಳಿಗೆ ಕನಿಷ್ಠ 10 ವರ್ಷ ಜೈಲು ಇತ್ತು. ಮಾರ್ಫಿನ್‌ಗೆ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಇಟ್ಟುಕೊಳ್ಳಲು ಒಂದು ಪರವಾನಗಿ, ಬೇರೆ ರಾಜ್ಯದಿಂದ ತರಿಸಲು ಇನ್ನೊಂದು, ಸಾಗಿಸಲು ಮತ್ತೊಂದು. ಎರಡು ಮೂರು ಇಲಾಖೆಗಳ ಸಹಿ. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ನಾಲ್ಕು ಮಾತ್ರೆ ಹೆಚ್ಚುಕಡಿಮೆಯಾದರೆ ಜೈಲು ಎಂದು ಹೆದರಿ ಔಷಧ ಅಂಗಡಿಯವರು ತರಿಸುವುದನ್ನೇ ಬಿಟ್ಟರು, ಆಸ್ಪತ್ರೆಗಳೂ ಬಿಟ್ಟವು. ಅಷ್ಟು ವರ್ಷ ಬಳಕೆಯೇ ಇಲ್ಲದೆ, ವೈದ್ಯರ ಒಂದು ಪೀಳಿಗೆಯೇ ಮಾರ್ಫಿನ್ ಬರೆದುಕೊಡುವುದನ್ನು ಕಲಿಯದೆ ಕಾಲೇಜು ಮುಗಿಸಿತು. ಕಾಯ್ದೆ ಬಂದಾಗ ದೇಶದಲ್ಲಿ ವರ್ಷಕ್ಕೆ ನೂರಾರು ಕಿಲೋ ಮಾರ್ಫಿನ್ ಬಳಕೆಯಾಗುತ್ತಿತ್ತು. 1997ರ ಹೊತ್ತಿಗೆ ಅದು 20 ಕಿಲೋಗೂ ಕೆಳಗೆ ಇಳಿದಿತ್ತು. ಇಡೀ ಭಾರತಕ್ಕೆ! ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಹೊಲಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಬೆಳೆದ ಅಫೀಮು ಗಾಜಿಪುರ, ನೀಮಚ್ ಕಾರ್ಖಾನೆಗಳಿಂದ ಹೊರದೇಶಗಳ ಔಷಧ ಕಂಪನಿಗಳಿಗೆ ಹೋಗುತ್ತಲೇ ಇತ್ತು. ಹೌದು, ಅದೇ ಗಾಜಿಪುರ. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದು ಆ ವರ್ಷಗಳಲ್ಲಿ.

ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಮಾರ್ಫಿನ್ ಸೇರಿದಂತೆ ಕೆಲವು ಔಷಧಗಳನ್ನು ಅಗತ್ಯ ಎಂದು ಗುರುತಿಸಿ, ದೇಶಕ್ಕೆಲ್ಲ ಒಂದೇ ನಿಯಮ, ಆಸ್ಪತ್ರೆಗೆ ಒಂದೇ ಮಾನ್ಯತೆ ಸಾಕು ಎಂದಾಯಿತು. ಆದರೂ ಮಾರ್ಫಿನ್ ಅಂದರೆ ಹಿಂದೆ ಸರಿಯುವ ಡಾಕ್ಟರುಗಳು, "ಚಟ ಹತ್ತಿಬಿಡುತ್ತೆ" ಎಂದು ಬೇಡ ಅನ್ನುವ ಮನೆಯವರು ಇವತ್ತಿಗೂ ಇದ್ದಾರೆ. ಕ್ಯಾನ್ಸರ್ ನೋವಿಗೆ ಡಾಕ್ಟರು ಲೆಕ್ಕ ಹಾಕಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಾಯಿಂದ ಕೊಡುವ ಮಾರ್ಫಿನ್, ಬೀದಿಯಲ್ಲಿ ಸಿಗುವ ಹೆರಾಯಿನ್ ಚುಚ್ಚಿಕೊಂಡಂತೆ ಅಲ್ಲ. ಅಂಥ ರೋಗಿಗಳಲ್ಲಿ ಚಟ ಹತ್ತುವುದು ಬಹಳ ಅಪರೂಪ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ನರಳುತ್ತಿದ್ದರೆ ಸುಮ್ನೆ ಕೂರಬೇಡಿ, "ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ಎಲ್ಲಿ ಸಿಗುತ್ತೆ" ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅದಕ್ಕೇ ಒಂದು ವಿಭಾಗ ಇದೆ, ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ನಾಲ್ಕು ಗಂಟೆಯಷ್ಟೇ ಇರುತ್ತದೆ, ಹಾಗಾಗಿ ನೋವು ಬಂದ ಮೇಲೆ ಕೊಡೋಣ ಎಂದು ಕಾಯದೆ ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು, ರಾತ್ರಿಯದ್ದನ್ನು ಹೇಗೆ ಕೊಡಬೇಕು ಎಂದೂ ಕೇಳಿಕೊಳ್ಳಿ. ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಅದಕ್ಕೂ ಮೊದಲ ದಿನವೇ ಔಷಧ ಬರೆಸಿಕೊಳ್ಳಿ.