ಜನವರಿಯ ಬೆಟ್ಟದಲ್ಲಿ ಜುಲೈ ಮಳೆ

ಜನವರಿ ಕೊನೆಯ ವಾರ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತುವವರಿಗೆ ಕಾಲುನೋವಿಗಿಂತ ಮೊದಲು ಕಾಡುವುದು ನೀರಿನ ಚಿಂತೆ. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ನೆರಳು ಅಪರೂಪ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಬಂಡೆ ಕಾದಿರುತ್ತದೆ. ಅಕ್ಟೋಬರಿನಲ್ಲಿ ಕಾಲು ತೋಯಿಸುತ್ತಿದ್ದ ಎಷ್ಟೋ ತೊರೆಗಳು ಬರೀ ಕಲ್ಲಿನ ಸಾಲು. ಆದರೂ ಕೆಲವು ಕಡೆ ನೀರು ಜಿನುಗುತ್ತಲೇ ಇರುತ್ತದೆ. ಮಳೆ ನಿಂತು ಇಷ್ಟು ದಿನವಾದ ಮೇಲೂ ಅದು ಎಲ್ಲಿಂದ ಬರುತ್ತದೆ?

ಬೆಟ್ಟದ ಹೊಟ್ಟೆಯಿಂದ. ಈ ಇಳಿಜಾರುಗಳಲ್ಲಿ ವರ್ಷಕ್ಕೆ 4000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಒಂದು ಪಾಲು ಆಗಲೇ ಹರಿದು ಕುಮಾರಧಾರೆ ಸೇರಿಬಿಡುತ್ತದೆ. ಇನ್ನೊಂದು ಪಾಲು ತರಗೆಲೆಯ ಅಡಿಯಲ್ಲಿ, ಬೇರುಗಳೂ ಎರೆಹುಳುಗಳೂ ಮಾಡಿದ ತೂತುಗಳಲ್ಲಿ ಇಳಿಯುತ್ತದೆ. ಮಣ್ಣಿನ ಕೆಳಗೆ, ಕೈಯಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಶಿಥಿಲವಾದ ಬಂಡೆಯ ಪದರವಿದೆ. ಅದರೊಳಗೆ ನೀರಿನ ನಡಿಗೆ ಬಲು ನಿಧಾನ, ಎಷ್ಟೋ ಕಡೆ ದಿನಕ್ಕೆ ಕೆಲವೇ ಅಂಗುಲ. ಗಟ್ಟಿ ಬಂಡೆ ಅಡ್ಡ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ಒರತೆಯಾಗಿ ಹೊರಬೀಳುತ್ತದೆ. ನಾವು ಜನವರಿಯಲ್ಲಿ ಬಾಟಲಿಗೆ ಹಿಡಿಯುವುದು ಹೀಗೆ ತಡವಾಗಿ ತಲುಪಿದ ಮಳೆಗಾಲದ ನೀರನ್ನೇ.

ಹಾಗಾಗಿ ಹುಡುಕಬೇಕಾದದ್ದು ದಿಣ್ಣೆಯ ಮೇಲಲ್ಲ, ಎರಡು ದಿಣ್ಣೆಗಳ ನಡುವಿನ ಮಡಿಕೆಯಲ್ಲಿ. ಹುಲ್ಲಿನ ನಡುವೆ ಕಪ್ಪುಹಸಿರು ಪಟ್ಟಿಯಂತೆ ಶೋಲಾ ಕಾಡು ಕಾಣುವುದೂ ಅಲ್ಲೇ. ಅದರ ಕೆಳತುದಿಯಲ್ಲಿ ಜರಿಗಿಡ, ಕೆಸು ಕಂಡರೆ ಆಸೆ ಇಟ್ಟುಕೊಳ್ಳಬಹುದು. ಒದ್ದೆ ಮರಳಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿದ್ದರೆ ಇನ್ನೂ ಒಳ್ಳೆಯದು. ಅವು ಮುಖ್ಯವಾಗಿ ಅಲ್ಲಿನ ಉಪ್ಪಿನಂಶಕ್ಕಾಗಿ ಬರುತ್ತವೆ, ಆದರೆ ನಮಗೆ ಪಸೆಯ ಸುಳಿವು ಕೊಡುತ್ತವೆ.

ಒಮ್ಮೆ ಅಂಥದೊಂದು ಕಾಡಂಚಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸಿಕ್ಕಿದ್ದು ಬಂಡೆಗೆ ಅಂಟಿಕೊಂಡು ಇಳಿಯುತ್ತಿದ್ದ ತೆಳು ಪಸೆ. ಬಾಟಲಿಯ ಬಾಯಿ ಒಡ್ಡಿದರೆ ಹನಿಯೂ ಒಳಗೆ ಬೀಳಲಿಲ್ಲ. ಜೊತೆಗಿದ್ದ ಸುಳ್ಯ ಕಡೆಯ ಹಿರಿಯರು ಅಗಲವಾದ ಎಲೆಯೊಂದನ್ನು ಉದ್ದಕ್ಕೆ ಮಡಚಿ, ಬುಡವನ್ನು ಬಂಡೆಯ ಬಿರುಕಿಗೆ ಸಿಕ್ಕಿಸಿ, ಮೇಲೊಂದು ಕಲ್ಲಿಟ್ಟರು. ನೀರು ಬಂಡೆ ಬಿಟ್ಟು ಎಲೆಯ ತುದಿಗೆ ಬಂದು ದಾರವಾಯಿತು. ತೋಟಕ್ಕೆ ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ತಿರುಳು ತೆಗೆದ ದೋಣಿಯಲ್ಲಿ, ನೀರು ತರುತ್ತಿದ್ದವರ ಕೈ ಅದು. "ಈಗ ಇಷ್ಟೇ. ಬೆಳಿಗ್ಗೆ ಬಂದು ನೋಡಿ, ಜಾಸ್ತಿ ಬರ್ತದೆ" ಎಂದರು.

ರಾತ್ರಿ ಮಳೆ ಬರಲಿಲ್ಲ. ಆದರೂ ಬೆಳಿಗ್ಗೆ ಆರೂವರೆಗೆ ಆ ದಾರ ಎದ್ದು ಕಾಣುವಷ್ಟು ದಪ್ಪವಾಗಿತ್ತು. ಇದರಲ್ಲಿ ಪವಾಡವಿಲ್ಲ. ಹಗಲಿಡೀ ಮರಗಳು ಬೇರಿನಿಂದ ನೀರೆಳೆದು ಎಲೆಗಳ ಮೂಲಕ ಆವಿಯಾಗಿ ಬಿಡುತ್ತವೆ. ಇರುಳಾದರೆ ಎಲೆಯ ರಂಧ್ರಗಳು ಬಹುಮಟ್ಟಿಗೆ ಮುಚ್ಚಿಕೊಂಡು, ಉಳಿದ ನೀರು ಒರತೆಗೆ ಬರುತ್ತದೆ. ಸಣ್ಣ ತೊರೆಗಳಲ್ಲಿ ಈ ಏರಿಳಿತವನ್ನು ಜಲವಿಜ್ಞಾನಿಗಳು ಅಳೆದಿದ್ದಾರೆ: ಮಧ್ಯಾಹ್ನದ ನಂತರ ಕನಿಷ್ಠ, ನಸುಕಿನ ಆಸುಪಾಸಿನಲ್ಲಿ ಗರಿಷ್ಠ. ಮಳೆಗಾಲದಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಹರಿವು ಬಡವಾದಾಗ ಕಾಡಿನ ಉಸಿರಾಟ ಒಂದು ಬಾಟಲಿಯಲ್ಲೂ ಕಾಣುತ್ತದೆ.

ಅಂದರೆ ಬೇರು ಯಾವ ಮರದ್ದು ಎಂಬುದೂ ಮುಖ್ಯ. ನೀಲಗಿರಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ನೆಟ್ಟ ಮೇಲೆ ಬೇಸಿಗೆಯ ಹರಿವು ಇಳಿದದ್ದು ಅಳತೆಯಲ್ಲೇ ಸಿಕ್ಕಿದೆ. ಖಾಲಿ ಜಾಗವೆಂದು ಹುಲ್ಲುಬೆಟ್ಟಗಳಲ್ಲಿ ಗಿಡ ನೆಡಲು ಹೊರಡುವವರನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ.

ಸಿಕ್ಕ ನೀರು ಎಷ್ಟೇ ತಿಳಿಯಾಗಿರಲಿ, ಕುದಿಸದೆ ಕುಡಿಯಬಾರದು. ಇಲಿಜ್ವರದ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಒಲೆ ಹಚ್ಚುವುದು ಒಣಹುಲ್ಲಿನಿಂದ ದೂರ, ತಂಗುವ ಮನೆಯಲ್ಲೇ. 1712 ಮೀಟರ್ ಎತ್ತರದ ಈ ಶಿಖರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಆ ಬಿಸಿಯೂ ಸಾಕು, ಕೊತಕೊತನೆ ಒಂದು ನಿಮಿಷ ಕುದಿದರೆ ಆಯಿತು.

ಆ ಬೆಳಿಗ್ಗೆ ಎರಡು ಬಾಟಲಿ ತುಂಬಿದ ಕೂಡಲೇ ಹಿರಿಯರು ಎಲೆ ತೆಗೆದರು. ನೀರು ಮತ್ತೆ ಬಂಡೆಗೆ ಅಂಟಿಕೊಂಡು ಕೆಳಗಿನ ಪುಟ್ಟ ಗುಂಡಿಗೆ ಇಳಿಯತೊಡಗಿತು. ಗುಂಡಿಯ ಸುತ್ತ ಕಡವೆಯ ಗೊರಸಿನ ಗುರುತುಗಳು ಇನ್ನೂ ಹಸಿಯಾಗಿದ್ದವು.